ಮೀನಿನ ಊರು

ಎರಡನೇ ಮಹಾಯುದ್ಧದ ಪಾಠದಲ್ಲಿ 'ಪರ್ಲ್ ಹಾರ್ಬರ್, 1941' ಎಂದು ಬೋರ್ಡಿನ ಮೇಲೆ ಬರೆದು ಮುಂದೆ ಹೋಗಿಬಿಡುತ್ತಿದ್ದೆ. ಆ ಇಸವಿಯ ಬೆನ್ನಿಗೇ ಒಂದು ಮೀನುಗಾರರ ಊರು ಅಳಿಸಿಹೋಯಿತೆಂದು ನನಗೆ ತಿಳಿದದ್ದು ತಡವಾಗಿ.

ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊದಲ್ಲಿ 1903ರಲ್ಲಿ ಸಾರ್ಡೀನ್ ಮೀನು ಸಿಗದಾದಾಗ, ಆಲ್ಬರ್ಟ್ ಹಾಫ್‌ಹಿಲ್ ಎಂಬಾತ ಆಲ್ಬಾಕೋರ್ ಎಂಬ ಟ್ಯೂನಾ ಮೀನನ್ನು ಬೇಯಿಸಿ ಡಬ್ಬಿಗೆ ತುಂಬಿದ. ಕೋಳಿಮಾಂಸದಂತೆ ಬೆಳ್ಳಗಿದ್ದುದರಿಂದ ಜನ ಮೆಚ್ಚಿದರು. ಎದುರಿನ ಟರ್ಮಿನಲ್ ದ್ವೀಪದಲ್ಲಿ ಜಪಾನೀಯರ ಊರೇ ಬೆಳೆಯಿತು. ಗಂಡಸರು ಗಾಳ ಹಾಕುವವರು. ದೋಣಿ ಬಂದು ಕಾರ್ಖಾನೆಯ ಸೈರನ್ ಕೂಗಿತೆಂದರೆ, ನಡುರಾತ್ರಿಯಾದರೂ ಹೆಂಗಸರು ಎದ್ದು ಓಡಬೇಕು. ಕೈಗೂಸುಗಳನ್ನು ಯಾರ ಮಡಿಲಿಗೆ ಹಾಕಿ ಹೋಗುತ್ತಿದ್ದರೋ!

1926ರ ಸುಮಾರಿಗೆ ಆಲ್ಬಾಕೋರ್ ಆ ಕರಾವಳಿಗೆ ಬರುವುದೇ ಹೆಚ್ಚುಕಡಿಮೆ ನಿಂತಿತು. ಕಾರ್ಖಾನೆಗಳು ಬೇರೆ ಜಾತಿಯ ಟ್ಯೂನಾ ಹಿಡಿಸಿ ಬದುಕಿದವು. ಮೀನಿನ ಕುಲ ನಶಿಸಿರಲಿಲ್ಲ. ಉತ್ತರ ಪೆಸಿಫಿಕ್ಕಿನಲ್ಲಿ ಅದಕ್ಕೆ ಕೊರತೆಯಿಲ್ಲವೆಂದೇ 2023ರ ವಿಜ್ಞಾನಿಗಳ ಲೆಕ್ಕವೂ ಹೇಳಿತು. ಅದು ಒಂದೆಡೆ ನಿಲ್ಲುವ ಮೀನಲ್ಲ, ಅಷ್ಟೆ. ಸಾಗರದ ಪಶ್ಚಿಮ ಭಾಗದ ಬೆಚ್ಚನೆಯ ನೀರಿನಲ್ಲಿ ಹುಟ್ಟಿ, ಸಾವಿರಾರು ಮೈಲಿ ಈಜಿ ಅಮೆರಿಕದ ಕಡೆ ಬರುವುದು ಇನ್ನೂ ಮೊಟ್ಟೆಯಿಡದ ಎಳೆಯ ಮೀನುಗಳು. ನೀರಿನ ಬಿಸಿ ಕೊಂಚ ಬದಲಾದರೂ ದಾರಿ ಬದಲಿಸುತ್ತವೆ.

1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗುರುತುಪಟ್ಟಿ ಕಟ್ಟಿ ಬಿಟ್ಟ ಮೀನು ಜಪಾನಿನ ಬಳಿ ಮೀನುಗಾರರ ಕೈಗೆ ಸಿಕ್ಕಿತು. ಆ ಹೆಂಗಸರು ಕಾದಿದ್ದು ತಮ್ಮ ತವರಿನ ಕಡಲಿನ ಮೀನಿಗೇ. ಹೇಳೋಣವೆಂದರೆ ಅಷ್ಟರಲ್ಲಿ ಅವರು ಅಲ್ಲಿರಲಿಲ್ಲ. 1942ರ ಫೆಬ್ರವರಿಯಲ್ಲಿ ಅಮೆರಿಕದ ನೌಕಾಪಡೆ ನಲವತ್ತೆಂಟು ಗಂಟೆಗಳ ಗಡುವು ಕೊಟ್ಟು ಎಲ್ಲರನ್ನೂ ಹೊರಡಿಸಿ, ಮನೆಗಳನ್ನು ನೆಲಸಮ ಮಾಡಿತ್ತು.