ಇರುಳಿನ ಕಡೆಯ ಜಾವ

ಅಫಜಲಪುರ ತಾಲ್ಲೂಕಿನ ಸೊನ್ನವು ಭೀಮೆಯ ದಡದ ಊರು. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಅಲ್ಲಿಯ ಸ್ನೇಹಿತರೊಬ್ಬರ ಮನೆಯಲ್ಲಿ ನಾಲ್ಕು ದಿನ ತಂಗಿದ್ದೆ. ಮನೆಯ ಚಿಂತೆಯೊಂದು ಬೆನ್ನು ಹತ್ತಿ ಬಂದಿದ್ದರಿಂದ ನನಗೆ ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಬರಲಿಲ್ಲ. ಅಂಗಳದಲ್ಲಿ ಹೊರಳಾಡುತ್ತ ಮಲಗಿದ್ದವನಿಗೆ, ಕೋಳಿ ಕೂಗುವುದಕ್ಕೂ ಬಹಳ ಮುಂಚೆ, ಸ್ನೇಹಿತರ ತಾಯಿ ಎದ್ದು ಕೊಡದ ನೀರಿನಿಂದ ಕೈಕಾಲು ಮುಖ ತೊಳೆದುಕೊಂಡು ಮೂಲೆಯಲ್ಲಿ ಚಾಪೆ ಹಾಸಿ ನಮಾಜಿಗೆ ನಿಲ್ಲುವುದು ಕಾಣಿಸುತ್ತಿತ್ತು. ಫಜರಿನ ಬಾಂಗಿಗೆ ಇನ್ನೂ ಒಂದೂವರೆ ತಾಸಿರುತ್ತಿತ್ತು.

ಹೊರಡುವ ದಿನ, ಕೇಳಬಾರದೆಂದುಕೊಂಡೇ ಕೇಳಿದೆ: "ಇಷ್ಟು ವರ್ಷ ಕೇಳಿಕೊಂಡಿರಲ್ಲ ತಾಯಿ, ಏನಾದರೂ ಸಿಕ್ಕಿತೆ?" ಆಕೆ ನಕ್ಕರು. "ಸಾಲ ಹಂಗೇ ಅದ. ಆದರ ಮುಂಜಾನಿ ಸಾಲ ಕೊಟ್ಟಾಂವ ಬಂದಾಗ ಬಾಗಿಲಾ ತಗೀಲಿಕ್ಕ ಕೈ ನಡಗೂದಿಲ್ಲ" ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಇತಿಹಾಸದ ಪುಸ್ತಕಗಳಲ್ಲಿ ಅದರ ಬೇರನ್ನು ಹುಡುಕುತ್ತ ಹೋದೆ.

ಇಸ್ಲಾಮಿನಲ್ಲಿ ದಿನಕ್ಕೆ ಐದು ಹೊತ್ತಿನ ನಮಾಜು ಕಡ್ಡಾಯವೆಂಬುದನ್ನು ವಾಚಕರು ಬಲ್ಲರು. ತಹಜ್ಜುದ್ ಎಂಬ ಇರುಳಿನ ನಮಾಜು ಆ ಐದರೊಳಗೆ ಸೇರಿದ್ದಲ್ಲ. ಅದು ಒಂದು ನಿದ್ದೆ ಮುಗಿಸಿ ಎದ್ದು, ಎರಡೆರಡು ರಕಾತ್‌ಗಳಂತೆ ತನ್ನ ಶಕ್ತಿಗೆ ತಕ್ಕಷ್ಟು ಮಾಡುವಂಥದು. ಇರುಳನ್ನು ಮೂರು ಪಾಲು ಮಾಡಿದರೆ ಕಡೆಯ ಪಾಲು ಶ್ರೇಷ್ಠವೆಂದು ಹೇಳುತ್ತಾರೆ. ಬೇಡುವವರು ಯಾರಿದ್ದೀರಿ ಎಂದು ಆ ಹೊತ್ತಿನಲ್ಲಿ ದೇವರೇ ಕೇಳುತ್ತಾನೆಂಬ ಭಾವ ಹದೀಸಿನಲ್ಲಿ ಉಂಟು. ಕುರಾನಿನ 73ನೆಯ ಅಧ್ಯಾಯ ಪೈಗಂಬರರಿಗೆ ಇರುಳಿನ ಅರ್ಧದಷ್ಟು ಹೊತ್ತು ನಿಲ್ಲಲು ಹೇಳಿ ಆರಂಭವಾಗುತ್ತದೆ. ಆದರೆ ಅದೇ ಅಧ್ಯಾಯದ ಕೊನೆಯ ವಾಕ್ಯ ಆ ಭಾರವನ್ನು ಇಳಿಸುತ್ತದೆ: ಜನರಲ್ಲಿ ರೋಗಿಗಳಿರುತ್ತಾರೆ, ಹೊಟ್ಟೆಪಾಡಿಗಾಗಿ ಊರೂರು ತಿರುಗುವವರಿರುತ್ತಾರೆ, ಯುದ್ಧಕ್ಕೆ ಹೋದವರಿರುತ್ತಾರೆ, ಆದ್ದರಿಂದ ಸುಲಭವಾದಷ್ಟನ್ನು ಓದಿದರೆ ಸಾಕೆಂಬುದು ಅದರ ಅಭಿಪ್ರಾಯ. ಕಷ್ಟದಲ್ಲಿರುವವನ ಗುರುತು ಆ ವಿಧಿಗೇ ಇದೆ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

ನಮ್ಮ ಸೀಮೆಗೆ ಈ ಸಾಧನೆಯ ಪರಂಪರೆಯನ್ನು ತಂದವರಲ್ಲಿ ಮುಖ್ಯರು ಕಲಬುರ್ಗಿಯ ಖ್ವಾಜಾ ಬಂದೇನವಾಜ್ ಗೇಸೂದರಾಜರು. 1321ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಅವರ ಬಾಳು ಸುಖದ್ದೇನೂ ಆಗಿರಲಿಲ್ಲ. ಮಹಮ್ಮದ್ ಬಿನ್ ತುಘಲಕನು ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದ ಕಾಲದಲ್ಲಿ ಎಳೆಯ ಬಾಲಕನಾಗಿ ತಂದೆಯೊಡನೆ ದಖ್ಖಣಕ್ಕೆ ಬಂದರು. ತಂದೆ ಅಲ್ಲಿಯೇ ತೀರಿಕೊಂಡರು. ಮರಳಿ ದಿಲ್ಲಿಗೆ ಹೋಗಿ ಚಿಶ್ತಿ ಪಂಥದ ಶೇಖ್ ನಸೀರುದ್ದೀನರ ಶಿಷ್ಯರಾದರು. 'ಚಿರಾಗ್ ದೆಹ್ಲವಿ', ಎಂದರೆ ದಿಲ್ಲಿಯ ದೀಪ, ಎಂದು ಹೆಸರಾದವರು ಈ ಗುರುಗಳೇ. ಇವರು ಒಮ್ಮೆ ಜನಸಂದಣಿಯಿಂದ ಬೇಸತ್ತು ಕಾಡಿನಲ್ಲಿ ಏಕಾಂತವಾಗಿ ಇರಲು ತಮ್ಮ ಗುರು ನಿಜಾಮುದ್ದೀನ್ ಔಲಿಯಾರ ಅಪ್ಪಣೆ ಬೇಡಿದರಂತೆ. ಊರಲ್ಲಿಯೇ ಇರು, ಜನರು ಕೊಟ್ಟ ಪೆಟ್ಟನ್ನು ಸಹಿಸಿಕೋ ಎಂಬ ಅರ್ಥದ ಉತ್ತರ ಬಂದಿತು. ಹಗಲೆಲ್ಲ ಜನರದ್ದಾದ ಮೇಲೆ ಏಕಾಂತಕ್ಕೆ ಉಳಿದದ್ದು ಇರುಳೊಂದೇ. ಚಿಶ್ತಿಗಳ ರಾತ್ರಿ ಜಾಗರಣೆಯ ಮರ್ಮ ಇದೆಂದು ನನಗೆ ತೋರುತ್ತದೆ. ಅದು ಲೋಕವನ್ನು ಬಿಡುವ ದಾರಿಯಲ್ಲ. ಮರುದಿನ ಲೋಕಕ್ಕೆ ಮರಳಲು ಬೇಕಾದ ಬುತ್ತಿ.

ಆ ಬುತ್ತಿ ಗೇಸೂದರಾಜರಿಗೆ ಬೇಕಾಯಿತು. 1398ರಲ್ಲಿ ತೈಮೂರನ ದಂಡು ದಿಲ್ಲಿಯತ್ತ ನುಗ್ಗಿದಾಗ, ಸುಮಾರು 77ರ ವಯಸ್ಸಿನಲ್ಲಿ, ಅವರು ಊರು ಬಿಡಬೇಕಾಯಿತು. ಗ್ವಾಲಿಯರ್, ಗುಜರಾತ್, ದೌಲತಾಬಾದುಗಳನ್ನು ಹಾಯ್ದು 1400ರ ಸುಮಾರಿಗೆ ಕಲಬುರ್ಗಿಗೆ ಬಂದರು. ಬಹಮನಿ ಸುಲ್ತಾನ ಫಿರೋಜ್ ಶಹ ಮೊದಲು ಆದರದಿಂದಲೇ ಕಂಡನು. ಬರಬರುತ್ತ ಮನಸ್ಸು ಮುರಿಯಿತು. ಕೋಟೆಯ ಹತ್ತಿರವಿದ್ದ ಖಾನಕಾಹವನ್ನು ಬಿಟ್ಟು ಈಗ ದರ್ಗಾ ಇರುವ ಕಡೆಗೆ ಅವರು ಸರಿದರು. ಎಂಬತ್ತು ದಾಟಿದ ಮುದುಕರಿಗೆ ಮತ್ತೊಂದು ಸ್ಥಳಾಂತರ!

ಫಿರೋಜನೂ ಆಕಾಶದ ಕಡೆ ಕಣ್ಣಿಟ್ಟಿದ್ದವನೇ. ಖಗೋಳಶಾಸ್ತ್ರದಲ್ಲಿ ಆಸಕ್ತನಾದ ಆತ 1407ರಲ್ಲಿ ದೌಲತಾಬಾದಿನ ಬಳಿ ವೇಧಶಾಲೆಯೊಂದನ್ನು ಕಟ್ಟಿಸತೊಡಗಿದನೆಂದೂ, ಅದರ ಪಂಡಿತ ತೀರಿಕೊಂಡದ್ದರಿಂದ ಕೆಲಸ ನಿಂತಿತೆಂದೂ ಫರಿಶ್ತಾ ಬರೆಯುತ್ತಾನೆ. ಒಂದೇ ನೆತ್ತಿಯ ಮೇಲಿನ ಇರುಳನ್ನು ದೊರೆ ಅಳೆಯಹೊರಟ. ಫಕೀರ ಅದರ ಮುಂದೆ ತಲೆ ಬಾಗಿಸಿದ. 1422ರಲ್ಲಿ ಫಿರೋಜ್ ತಮ್ಮನಾದ ಅಹಮದನಿಗೆ ಸಿಂಹಾಸನ ಬಿಟ್ಟುಕೊಟ್ಟು ತೀರಿಕೊಂಡನು. ಅದೇ ವರ್ಷ ನವೆಂಬರಿನಲ್ಲಿ ಗೇಸೂದರಾಜರೂ ಕಣ್ಮುಚ್ಚಿದರು. ಫಕೀರನ ಪ್ರಾರ್ಥನೆ ಗೆದ್ದಿತು, ದೊರೆ ಸೋತನು ಎಂದು ಹೇಳುವವರುಂಟು. ಇತಿಹಾಸಕ್ಕೆ ಆ ತಕ್ಕಡಿ ಇಲ್ಲ. ಮೂರು ಬಾರಿ ನೆಲೆ ಕಳೆದುಕೊಂಡ ಮನುಷ್ಯ ಕಡೆಯವರೆಗೂ ಕಲಿಸುವುದನ್ನು ನಿಲ್ಲಿಸಲಿಲ್ಲ ಎಂಬಷ್ಟನ್ನು ಮಾತ್ರ ಅದು ಹೇಳಬಲ್ಲದು.

ಖಾನಕಾಹದ ಈ ಸಾಧನೆ ಸೊನ್ನದಂಥ ಊರಿನ ಅಡುಗೆಮನೆಗೆ ಹೇಗೆ ಬಂದಿತು? ಒಂದು ದಾರಿ ಬೀಸುವ ಕಲ್ಲು. ದಖನಿ ಭಾಷೆಯಲ್ಲಿ 'ಚಕ್ಕಿನಾಮಾ' ಎಂಬ ಹಾಡುಗಳಿವೆ. ಬಿಜಾಪುರದ ಸೂಫಿ ಮನೆತನಗಳಲ್ಲಿ ಅವು ಬಹಳ ಬೆಳೆದವು. ಬೀಸುವ ಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ, ಕಲ್ಲು ಸುತ್ತಿದ ಹಾಗೆಲ್ಲ ದೇವರನ್ನು ನೆನೆಯಲು ಹೆಂಗಸರಿಗೆ ಕಲಿಸಿದ ಹಾಡುಗಳವು. ಪಕ್ಕದ ಮನೆಯಲ್ಲಿ ಅದೇ ಕತ್ತಲೆಯಲ್ಲಿ ಕನ್ನಡದ ಬೀಸುವ ಪದ ನಡೆದಿರುತ್ತಿತ್ತು. ಜೋಳ ಒಂದೇ, ಹೊತ್ತು ಒಂದೇ, ಗಂಡನ ಮನೆಯ ಕಷ್ಟವೂ ಬಹುಮಟ್ಟಿಗೆ ಒಂದೇ.

ಹಿಟ್ಟಿನ ಗಿರಣಿ ಬಂದಮೇಲೆ ಕಲ್ಲುಗಳು ಮೂಲೆಗೆ ಸರಿದವು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಹಳ್ಳಿಗಳ ಜನ ಮನೆ ಬಿಟ್ಟು ಓಡಬೇಕಾಯಿತು. ಆ ಸುದ್ದಿಯನ್ನು ಓದುವಾಗ ನನಗೆ ನೆನಪಾದದ್ದು ಆ ತಾಯಿಯ ಚಾಪೆ. ಫೋನು ಮಾಡಿದೆ. ಮನೆಯವರೆಲ್ಲ ಎತ್ತರದ ಜಾಗದಲ್ಲಿದ್ದರು. ಹೊಲದ ತೊಗರಿ ಹೋಗಿತ್ತು. "ಅಮ್ಮ?" ಎಂದೆ. "ಅದೇ ಹೊತ್ತಿಗೆ ಎದ್ದಿದ್ದಳು, ನೀರು ಬಂದದ್ದನ್ನು ಮೊದಲು ಕಂಡವಳೂ ಅವಳೇ" ಎಂದರು ಸ್ನೇಹಿತರು.

ಇದನ್ನು ಪವಾಡವೆಂದು ನಾನು ಹೇಳುವುದಿಲ್ಲ. ಎಚ್ಚರವಾಗಿದ್ದವರು ನೀರನ್ನು ಕಾಣುತ್ತಾರೆ, ಅಷ್ಟೆ. ಆದರೆ ಎಷ್ಟೋ ವರ್ಷ ಆ ಹೊತ್ತಿಗೆ ಆಕೆಯನ್ನು ಎಚ್ಚರಿಸಿದ್ದು ಯಾವುದು ಎಂಬುದನ್ನು ಮರೆಯಲಾರೆ. ನನ್ನ ಚಿಂತೆಯೂ ಪೂರ್ತಿ ತೀರಿಲ್ಲ. ನಿದ್ದೆ ಬಾರದ ಇರುಳಿನಲ್ಲಿ ಈಗ ಹೊರಳಾಡುವುದನ್ನು ಬಿಟ್ಟು ಎದ್ದು ಕೂಡುತ್ತೇನೆ.