ಕತ್ತಿನೊಳಗಿನ ನಾಲ್ಕು ಕಾಳು

ಥೈರಾಯ್ಡ್ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಮುಗಿದಿರುತ್ತದೆ. ರೋಗಿ ಎದ್ದು ಕುಳಿತು ಗಂಜಿ ಕುಡಿದಿರುತ್ತಾನೆ. ಮರುದಿನವೋ ಅದರ ಮರುದಿನವೋ ತುಟಿಯ ಸುತ್ತ ಜುಮುಜುಮು, ಬೆರಳ ತುದಿಯಲ್ಲಿ ಇರುವೆ ಹರಿದ ಅನುಭವ. ಉಲ್ಬಣಿಸಿದರೆ ಕೈಬೆರಳು ಒಳಕ್ಕೆ ಸೆಟೆದುಕೊಳ್ಳುತ್ತವೆ. ರಕ್ತದ ಕ್ಯಾಲ್ಸಿಯಂ ಇಳಿದಿದೆ ಎಂದರ್ಥ. ಹೀಗೆ ಯಾರಿಗಾದೀತು ಎಂಬುದನ್ನು ಮೊದಲೇ ಹೇಳಲು ಸಾಧ್ಯವೇ?

ಇದರ ಹಿಂದಿನ ಕಥೆ ಶುರುವಾಗುವುದು ಭಾರತದ ಒಂದು ಘೇಂಡಾಮೃಗದಿಂದ! ಲಂಡನ್ ಮೃಗಾಲಯದಲ್ಲಿದ್ದ ಅದು 1849ರಲ್ಲಿ ಸತ್ತಾಗ ಅಂಗರಚನಾ ತಜ್ಞ ರಿಚರ್ಡ್ ಓವನ್ ಅದನ್ನು ಸೀಳಿ ನೋಡಿದ. ಥೈರಾಯ್ಡ್ ಗ್ರಂಥಿಗೆ ಅಂಟಿಕೊಂಡ ಹಳದಿ ಬಣ್ಣದ ಪುಟ್ಟ ಗಂಟೊಂದು ಕಂಡಿತು. ಅದರತ್ತ ಯಾರೂ ಗಮನ ಕೊಡಲಿಲ್ಲ. ಮನುಷ್ಯರಲ್ಲೂ ಅದಿದೆಯೆಂದು ತೋರಿಸಿ 1880ರಲ್ಲಿ 'ಪ್ಯಾರಾಥೈರಾಯ್ಡ್' ಎಂದು ಹೆಸರಿಟ್ಟವನು ಸ್ವೀಡನ್ನಿನ ಉಪ್ಸಾಲಾದ ಐವಾರ್ ಸ್ಯಾಂಡ್‌ಸ್ಟ್ರೋಮ್. ನಾಯಿಯೊಂದರಲ್ಲಿ ಅದನ್ನು ಮೊದಲು ಗುರುತಿಸಿದಾಗ ಅವನಿನ್ನೂ ವೈದ್ಯಕೀಯ ವಿದ್ಯಾರ್ಥಿ. ಈ ಗ್ರಂಥಿಗಳ ಬೆಲೆ ಜಗತ್ತಿಗೆ ತಿಳಿಯುವ ಮೊದಲೇ, 1889ರಲ್ಲಿ, 37ರ ಹರೆಯದಲ್ಲಿ ಅವನು ತೀರಿಕೊಂಡ.

ಅಷ್ಟರಲ್ಲಿ ಯುರೋಪಿನಲ್ಲಿ ಗಳಗಂಡಕ್ಕೆ ಕತ್ತಿ ಹಾಕುವ ಧೈರ್ಯ ಬಂದಿತ್ತು. ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್ರೋಟ್, ಬರ್ನ್‌ನಲ್ಲಿ ಥಿಯೋಡೋರ್ ಕೋಖರ್. ಬಿಲ್ರೋಟ್‌ನ ರೋಗಿಗಳಲ್ಲಿ ಸೆಳೆತ ಕಾಣಿಸಿಕೊಂಡಿತು. ಅವನ ಸಹಾಯಕ ವೋಲ್ಫ್ಲರ್ 1879ರಲ್ಲಿ ಅದನ್ನು ವಿವರಿಸಿ ಬರೆದ. ಕೋಖರನ ರೋಗಿಗಳಲ್ಲಿ ಸೆಳೆತ ಅಪರೂಪ; ಬದಲಿಗೆ ಮೈ ಊದಿ, ಬುದ್ಧಿ ಮಂದವಾಗುತ್ತಿತ್ತು. ಒಂದೇ ಶಸ್ತ್ರಚಿಕಿತ್ಸೆ, ಫಲ ಬೇರೆ ಬೇರೆ! ಅಮೆರಿಕದ ಹಾಲ್‌ಸ್ಟೆಡ್ ಇದಕ್ಕೆ ಕೊಟ್ಟ ಕಾರಣ ಕೈಚಳಕದ್ದು. ಕೋಖರ್ ನಿಧಾನಿ, ರಕ್ತ ಸೋರದಂತೆ ಥೈರಾಯ್ಡನ್ನು ಪೂರ್ತಿ ಬಿಡಿಸುತ್ತಿದ್ದ. ಪಕ್ಕದ ಪುಟ್ಟ ಗ್ರಂಥಿಗಳು ಉಳಿಯುತ್ತಿದ್ದವು. ಬಿಲ್ರೋಟ್‌ನದು ಅವಸರದ ಕೈ, ಥೈರಾಯ್ಡಿನ ಚೂರು ಉಳಿದು ಪ್ಯಾರಾಥೈರಾಯ್ಡ್ ಹೋಗುತ್ತಿತ್ತು. ಈ ವಿವರಣೆ ಒಪ್ಪುವಂಥದೇ.

ಸಾಮಾನ್ಯವಾಗಿ ನಾಲ್ಕಿರುವ, ಅಕ್ಕಿಕಾಳಿನಷ್ಟು ದೊಡ್ಡ ಈ ಗ್ರಂಥಿಗಳು ಕ್ಯಾಲ್ಸಿಯಂನ ಕಾವಲುಗಾರರೆಂಬುದು 1909ರಲ್ಲಿ ಸ್ಪಷ್ಟವಾಯಿತು. ಗ್ರಂಥಿ ತೆಗೆದ ಪ್ರಾಣಿಗಳ ಸೆಳೆತ ಕ್ಯಾಲ್ಸಿಯಂ ಲವಣ ಕೊಟ್ಟರೆ ನಿಲ್ಲುತ್ತದೆಂದು ಮ್ಯಾಕಲಮ್ ಮತ್ತು ಫೋಕ್ಟ್‌ಲಿನ್ ತೋರಿಸಿದರು. (ಈ ಸೆಳೆತಕ್ಕೆ ಹೆಸರು ಟೆಟನಿ. ಧನುರ್ವಾಯು ಬೇರೆ, ಇದು ಬೇರೆ.)

ಮುನ್ಸೂಚನೆಗೆ ಬಹುಕಾಲ ಇದ್ದುದು ಕಣ್ಣು, ಕೈ ಮಾತ್ರ. ಕಿವಿಯ ಮುಂದೆ ಬೆರಳಿನಿಂದ ತಟ್ಟಿದರೆ ತುಟಿಯ ಮೂಲೆ ಅದುರುತ್ತದೆಯೇ ಎಂದು ನೋಡುವುದು ಶ್ವೋಸ್ಟೆಕ್ 1876ರಲ್ಲಿ ಹೇಳಿದ ಪರೀಕ್ಷೆ. ಆರೋಗ್ಯವಂತರಲ್ಲೂ ಕೆಲವರಿಗೆ ಅದುರುತ್ತದೆ, ಅದೇ ತೊಡಕು. 1963ರಲ್ಲಿ ಬೆರ್ಸನ್ ಮತ್ತು ಯಾಲೋ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ರಕ್ತದಲ್ಲಿ ಅಳೆದ ಮೇಲೆ ದಾರಿ ತೆರೆಯಿತು. ಕ್ಯಾಲ್ಸಿಯಂ ತಳ ಮುಟ್ಟಲು ಒಂದೆರಡು ದಿನ, ಕೆಲವೊಮ್ಮೆ ಹೆಚ್ಚು ಹಿಡಿಯುತ್ತದೆ. ಹಾರ್ಮೋನಾದರೋ ಕೆಲವೇ ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಯಾದ ಕೆಲವೇ ಗಂಟೆಗಳಲ್ಲಿ ತೆಗೆದ ರಕ್ತ, ನಾಳೆಯ ಕ್ಯಾಲ್ಸಿಯಂ ಸುದ್ದಿಯನ್ನು ಇಂದೇ ಹೇಳುತ್ತದೆ.

ಎಷ್ಟಕ್ಕಿಳಿದರೆ ಅಪಾಯ ಎಂಬ ಗೆರೆ ಮಾತ್ರ ಎಲ್ಲೆಡೆ ಒಂದೇ ಅಲ್ಲ. ಹೀಗಾಗಿ ಕೆಲವು ವೈದ್ಯರು ಹಾರ್ಮೋನು ನೋಡಿ ಮಾತ್ರೆ ಬರೆಯುತ್ತಾರೆ. ಇನ್ನು ಕೆಲವರು ಥೈರಾಯ್ಡ್ ಪೂರ್ತಿ ತೆಗೆದ ಎಲ್ಲರಿಗೂ ಕ್ಯಾಲ್ಸಿಯಂ ಕೊಟ್ಟೇ ಮನೆಗೆ ಕಳುಹಿಸುತ್ತಾರೆ. ಬಹುಪಾಲು ರೋಗಿಗಳಲ್ಲಿ ಗ್ರಂಥಿಗಳು ಕೆಲವು ವಾರ, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತವೆ. ಚೇತರಿಸದ ಕೆಲವರಿಗೆ ಮಾತ್ರೆ ಜೀವನಪೂರ್ತಿ.