ಕತ್ತರಿಗಿಂತ ಮೊದಲು ಕಣ್ಣು

‘ವಿಡಿಯೊ ಎಡಿಟಿಂಗಿಗೆ ಯಾವ ಕಂಪ್ಯೂಟರ್ ತಗೊಳ್ಳಲಿ?’ ಅಂತ ಯಾರನ್ನಾದರೂ ಕೇಳಿ ನೋಡಿ. ಪ್ರೊಸೆಸರ್ ಇದು, ರ್‍ಯಾಮ್ ಇಷ್ಟು, ಗ್ರಾಫಿಕ್ಸ್ ಕಾರ್ಡ್ ಅದು ಅಂತ ಪಟ್ಟಿ ಶುರುವಾಗುತ್ತೆ. ಎಲ್ಲ ಮುಗಿದ ಮೇಲೆ, ಮದುವೆ ಪಟ್ಟಿಯ ಕೊನೆಯಲ್ಲಿ ಬರುವ ಎಲೆ-ಅಡಿಕೆಯ ಹಾಗೆ, ‘ಒಂದು ಮಾನಿಟರ್’. ಮಿಕ್ಕ ದುಡ್ಡಿಗೆ ಯಾವುದು ಬಂದರೆ ಅದು. ಈ ಲೆಕ್ಕ ಉಲ್ಟಾ ಅನ್ನುವುದು ನನ್ನ ವಾದ. ಸಾಕ್ಷಿಗೆ ನಾನು ಕರೆಯೋದು ಬೆಂಚ್‌ಮಾರ್ಕ್ ಅಂಕಿಗಳನ್ನಲ್ಲ, ಎಡಿಟಿಂಗ್ ಯಂತ್ರಗಳ ನೂರು ವರ್ಷದ ಇತಿಹಾಸವನ್ನು.

ಸಿನಿಮಾ ಹುಟ್ಟಿದ ಮೊದಲ ದಶಕಗಳಲ್ಲಿ ಎಡಿಟರ್ ಹತ್ತಿರ ಯಂತ್ರವೇ ಇರಲಿಲ್ಲ. ಕತ್ತರಿ, ಅಂಟು, ಭೂತಗನ್ನಡಿ, ಒಂದು ದೀಪ, ಅಷ್ಟೇ. ಫಿಲ್ಮನ್ನು ಬೆಳಕಿಗೆ ಹಿಡಿದು, ಬೆರಳ ಸಂದಿಯಲ್ಲಿ ಎಳೆಯುತ್ತಾ, ಚಲನೆಯನ್ನು ಮನಸ್ಸಿನಲ್ಲೇ ಅಂದಾಜು ಮಾಡಿ ಕತ್ತರಿಸುತ್ತಿದ್ದರು. ಕತ್ತರಿಸಿದ್ದು ಸರಿಯೋ ಇಲ್ಲವೋ ಅಂತ ಗೊತ್ತಾಗುತ್ತಿದ್ದುದು ಪ್ರೊಜೆಕ್ಟರಿಗೆ ಹಾಕಿದ ಮೇಲೆ.

1917ರ ಸುಮಾರಿಗೆ ಡಚ್ ಮೂಲದ ಅಮೆರಿಕದ ಇಂಜಿನಿಯರ್ ಐವಾನ್ ಸೆರೂರಿಯರ್ ಒಂದು ಯಂತ್ರ ಮಾಡಿದ. ಹೆಸರು ಮೂವಿಯೋಲಾ. ಮನೆಯಲ್ಲಿ ಕೂತು ಸಿನಿಮಾ ನೋಡಲಿ ಅಂತ ಮಾಡಿದ್ದು. ಆದರೆ 1920ರಲ್ಲಿ ಅದರ ಬೆಲೆ 600 ಡಾಲರ್! ಕೊಂಡವರು ಬೆರಳೆಣಿಕೆಯಷ್ಟು ಜನ. 1924ರಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಸ್ಟುಡಿಯೊದ ಎಡಿಟರ್ ಒಬ್ಬರು ‘ಇದನ್ನೇ ನಮ್ಮ ಕೆಲಸಕ್ಕೆ ಬದಲಾಯಿಸಿ ಕೊಡಬಹುದಲ್ಲ’ ಎನ್ನುವ ದಾರಿ ತೋರಿಸಿದರು. ಸೆರೂರಿಯರ್ ಅದನ್ನು ಚಿಕ್ಕದು ಮಾಡಿ, ಇಣುಕಿ ನೋಡಲು ಮಸೂರ ಇಟ್ಟು, ಎಡಿಟರ್ ಮೇಜಿಗೆ ತಂದ. ಮುಂದಿನ ಕೆಲವು ದಶಕ ಹಾಲಿವುಡ್ ಅದರ ಮೇಲೇ ನಡೆಯಿತು.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಮೂವಿಯೋಲಾ ಕತ್ತರಿಸುವ ಯಂತ್ರವಲ್ಲ, ನೋಡುವ ಯಂತ್ರ. ಕತ್ತರಿಸಲು ಕತ್ತರಿ ಮೊದಲೇ ಇತ್ತಲ್ಲ! ಎಡಿಟಿಂಗ್ ಚರಿತ್ರೆಯ ಮೊದಲ ದೊಡ್ಡ ಯಂತ್ರ ಅಸಲಿಗೆ ಒಂದು ಮಾನಿಟರ್.

1956ರಲ್ಲಿ ಆಂಪೆಕ್ಸ್ ಕಂಪನಿಯ ವಿಡಿಯೊ ಟೇಪ್ ಬಂದಾಗ ಈ ಕಣ್ಣು ಮತ್ತೆ ಹೋಯಿತು. ಫಿಲ್ಮಾದರೆ ಬೆಳಕಿಗೆ ಹಿಡಿದರೆ ಚಿತ್ರ ಕಾಣುತ್ತೆ. ಎರಡು ಇಂಚು ಅಗಲದ ಈ ಟೇಪಿನಲ್ಲಿ ಕಾಣೋದು ಬರೀ ಕಂದು ಬಣ್ಣ. ಕಬ್ಬಿಣದ ಪುಡಿ ಕಲೆಸಿದ ದ್ರವ ಹಚ್ಚಿ, ಕಾಂತದ ಗೆರೆಗಳು ಎದ್ದು ಕಂಡ ಮೇಲೆ, ಸೂಕ್ಷ್ಮದರ್ಶಕದ ಕೆಳಗೆ ಬ್ಲೇಡಿನಿಂದ ಕುಯ್ಯುತ್ತಿದ್ದರು. ಕುಯ್ದದ್ದು ಸರಿಯಿಲ್ಲದಿದ್ದರೆ ಟೇಪಿಗೇ ಕುತ್ತು.

1971ರಲ್ಲಿ ಸಿಬಿಎಸ್ ಮತ್ತು ಮೆಮೊರೆಕ್ಸ್ ಸೇರಿ ತಂದ ಸಿಎಂಎಕ್ಸ್ 600 ನಮ್ಮ ಇವತ್ತಿನ ಎಡಿಟಿಂಗ್ ಕಂಪ್ಯೂಟರಿನ ಮುತ್ತಜ್ಜ. ವಾಷಿಂಗ್ ಮಶೀನ್ ಗಾತ್ರದ ಡಿಸ್ಕ್ ಡ್ರೈವ್‌ಗಳು, ಎಲ್ಲ ಸೇರಿ ಹಿಡಿಯುತ್ತಿದ್ದುದು ಸುಮಾರು ಅರ್ಧ ಗಂಟೆಯ ಚಿತ್ರ. ಅದೂ ಕಪ್ಪು-ಬಿಳುಪು, ಅದೂ ಮಸುಕು. ಬೆಲೆ ಎರಡೂವರೆ ಲಕ್ಷ ಡಾಲರ್ ಆಸುಪಾಸು. ಆದರೆ ಎಡಿಟರ್ ಎದುರಿಗೆ ಎರಡು ಪರದೆ, ಕೈಯಲ್ಲಿ ಒಂದು ಲೈಟ್ ಪೆನ್. ಬೇಕಾದ ಫ್ರೇಮಿಗೆ ನೇರವಾಗಿ ಹಾರಬಹುದಿತ್ತು. ಮಸುಕು ಪ್ರತಿಯ ಮೇಲೆ ತೀರ್ಮಾನ ಮಾಡಿ, ಆಮೇಲೆ ಆ ಪಟ್ಟಿಯ ಪ್ರಕಾರ ಅಸಲಿ ಟೇಪನ್ನು ಜೋಡಿಸುವುದು. ಇವತ್ತು ನಾವು ‘ಪ್ರಾಕ್ಸಿ’ ಅನ್ನುವುದೂ ಇದನ್ನೇ. ಮಾರಾಟವಾದದ್ದು ಕೆಲವೇ ಯಂತ್ರ, ಉಳಿದದ್ದು ಅದರ ಉಪಾಯ.

ಬಿಲ್ ವಾರ್ನರ್ ಸ್ಥಾಪಿಸಿದ ಆವಿಡ್ ಕಂಪನಿ 1989ರಲ್ಲಿ ಅದೇ ಉಪಾಯವನ್ನು ಮ್ಯಾಕಿಂಟಾಶ್ ಮೇಲೆ ತಂದಿತು. 1991ರ ಅಡೋಬಿ ಪ್ರೀಮಿಯರ್ ತೋರಿಸುತ್ತಿದ್ದುದು ಅಂಚೆಚೀಟಿಯಷ್ಟು ಚಿತ್ರ. 1996ರ ‘ದಿ ಇಂಗ್ಲಿಷ್ ಪೇಷೆಂಟ್’ ಸಿನಿಮಾವನ್ನು ವಾಲ್ಟರ್ ಮರ್ಚ್ ಫಿಲ್ಮಿನ ಮೇಲೆ ಶುರುಮಾಡಿ, ನಡುವೆಯೇ ಆವಿಡ್‌ಗೆ ಬದಲಾದರು. ಡಿಜಿಟಲ್ ಆಗಿ ಎಡಿಟ್ ಮಾಡಿದ ಸಿನಿಮಾಕ್ಕೆ ಎಡಿಟಿಂಗ್ ಆಸ್ಕರ್ ಬಂದದ್ದು ಅದೇ ಮೊದಲು. 2003ರ ‘ಕೋಲ್ಡ್ ಮೌಂಟನ್’ ಚಿತ್ರವನ್ನು ಅವರು ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಪವರ್ ಮ್ಯಾಕ್ ಜಿ4 ಕಂಪ್ಯೂಟರುಗಳ ಮೇಲೆ, ಫೈನಲ್ ಕಟ್ ಪ್ರೊದಲ್ಲಿ ಮುಗಿಸಿದರು. ಅವತ್ತಿನ ಆ ಯಂತ್ರಕ್ಕಿಂತ ಇವತ್ತು ನಿಮ್ಮ ಜೇಬಿನ ಫೋನ್ ಎಷ್ಟೋ ಪಾಲು ಚುರುಕು.

ಹಾಗಾದರೆ ಇವತ್ತಿನ ಲ್ಯಾಪ್‌ಟಾಪ್ ನಿಮ್ಮ ಫೋನಿನ ವಿಡಿಯೊ ಹಾಕಿದ ಕೂಡಲೇ ಏದುಸಿರು ಬಿಡೋದು ಯಾಕೆ? ಇದಕ್ಕೂ ಚರಿತ್ರೆಯಲ್ಲೇ ಉತ್ತರ ಇದೆ.

1995ರಲ್ಲಿ ಡಿವಿ ಟೇಪ್ ಬಂತು. ಗಂಟೆಗೆ ಸುಮಾರು 13 ಜಿಬಿ. ಅದರಲ್ಲಿ ಪ್ರತಿ ಫ್ರೇಮೂ ತನ್ನಷ್ಟಕ್ಕೆ ತಾನು ಪೂರ್ತಿ. 2003ರಲ್ಲಿ ಎಚ್‌ಡಿವಿ ಬಂದಾಗ ಅದೇ ಟೇಪಿನ ಮೇಲೆ ಹೈ ಡೆಫಿನಿಷನ್ ಚಿತ್ರ ತುಂಬಬೇಕಿತ್ತು. ಅದಕ್ಕೆ ಹೂಡಿದ ಉಪಾಯ ನಮ್ಮ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ್ದೇ. ಮೊದಲ ಸಾಲು ಪೂರ್ತಿ ಬರೆಯೋದು, ಕೆಳಗಿನ ಸಾಲುಗಳಿಗೆ ‘ಮೇಲಿನಂತೆ’ ಅಂತ ಗುರುತು ಹಾಕಿ ಬದಲಾದದ್ದನ್ನು ಮಾತ್ರ ಬರೆಯೋದು. ಜಾಗವೇನೋ ಉಳಿಯಿತು. ಆದರೆ ಒಂಬತ್ತನೇ ಸಾಲು ಓದಬೇಕಾದರೆ ಒಂದನೇ ಸಾಲಿಗೆ ಹೋಗಿ ಬರಬೇಕು. ಎಡಿಟಿಂಗ್ ಅಂದರೆ ಹಿಂದೆ-ಮುಂದೆ ಹಾರೋದೇ ಅಲ್ವಾ? ಅದೇ 2003ರ ಎಚ್.264, 2013ರ ಎಚ್.265 ಎರಡೂ ಈ ‘ಮೇಲಿನಂತೆ’ ಜಾಣ್ಮೆಯನ್ನು ಇನ್ನಷ್ಟು ಮುಂದಕ್ಕೆ ಒಯ್ದವು. ನಿಮ್ಮ ಫೋನು ಬರೆಯುವುದು ಸಾಮಾನ್ಯವಾಗಿ ಇವೆರಡರಲ್ಲಿ ಒಂದನ್ನು.

ಈ ಲೆಕ್ಕದ ಪುಸ್ತಕ ಓದುವುದಕ್ಕೇ ಚಿಪ್‌ನೊಳಗೆ ಒಬ್ಬ ಪ್ರತ್ಯೇಕ ಗುಮಾಸ್ತ ಇರುತ್ತಾನೆ. ಇಂಟೆಲ್ 2011ರಲ್ಲಿ ತಂದ ಕ್ವಿಕ್ ಸಿಂಕ್, 2020ರ ಆಪಲ್ ಎಂ1 ಚಿಪ್ಪಿನಲ್ಲಿ ವಿಡಿಯೊಗೆಂದೇ ಇರುವ ಭಾಗ, ಗ್ರಾಫಿಕ್ಸ್ ಕಾರ್ಡುಗಳ ಡಿಕೋಡರ್ ಎಲ್ಲವೂ ಇವನೇ. ಗುಮಾಸ್ತನಿಗೆ ನಿಮ್ಮ ಕ್ಯಾಮೆರಾದ ಭಾಷೆ ಬಂದರೆ ಮಧ್ಯಮ ದರ್ಜೆಯ ಕಂಪ್ಯೂಟರೂ ನೀರಿನಂತೆ ಓಡುತ್ತೆ. ಬರದಿದ್ದರೆ ಅತಿ ದುಬಾರಿ ಪ್ರೊಸೆಸರೂ ತಡವರಿಸುತ್ತೆ. ಮುಖ್ಯವಾಗಿ 10 ಬಿಟ್, 4:2:2 ಅಂತ ಬರೆಯುವ ಕ್ಯಾಮೆರಾ ನಿಮ್ಮದಾದರೆ, ಆ ಭಾಷೆ ಎಲ್ಲ ಗುಮಾಸ್ತರಿಗೂ ಬರಲ್ಲ, ಕೇಳಿಯೇ ಕೊಳ್ಳಿ. ಇನ್ನು 32 ಜಿಬಿ ರ್‍ಯಾಮ್, ಒಂದು ಒಳ್ಳೆಯ ಎಸ್‌ಎಸ್‌ಡಿ ಇದ್ದರೆ ನಮ್ಮಂಥವರ 4ಕೆ ಕೆಲಸಕ್ಕೆ ಸಾಕು. ಅಷ್ಟರ ಮೇಲೂ ತಡವರಿಸಿದರೆ 1971ರ ಉಪಾಯ ಇದ್ದೇ ಇದೆ: ಪ್ರಾಕ್ಸಿ ಮಾಡಿಕೊಳ್ಳಿ. ದುಡ್ಡು ಕೊಡಬೇಕಿಲ್ಲ.

ಅಂದರೆ ಕಂಪ್ಯೂಟರಿನ ಕೊರತೆಯನ್ನು ತುಂಬಿಕೊಳ್ಳಲು ದಾರಿಗಳಿವೆ. ಮಾನಿಟರಿನ ಕೊರತೆಗೆ ಅಂಥ ದಾರಿ ಇಲ್ಲ.

ನನಗೆ ಇದು ಬರೀ ಇತಿಹಾಸ ಅಲ್ಲ. ಮನೆಯಲ್ಲಿ 2004ರ ಆಚೀಚೆಯ ಹನ್ನೊಂದು ಮಿನಿ ಡಿವಿ ಟೇಪುಗಳಿವೆ. ಅಪ್ಪ ತೆಗೆದದ್ದು. ಕ್ಯಾಮೆರಾ ಹಿಡಿದವರು ಅವರೇ ಆದ್ದರಿಂದ ಯಾವ ಟೇಪಿನಲ್ಲೂ ಅವರಿಲ್ಲ, ದನಿ ಮಾತ್ರ ಇದೆ. ಈಗ ಅಪ್ಪ ಇಲ್ಲ. ಫೈರ್‌ವೈರ್ ಇರುವ ಹಳೇ ಲ್ಯಾಪ್‌ಟಾಪಿನಿಂದ ಎಲ್ಲವನ್ನೂ ಇಳಿಸಿಕೊಂಡಾಗ ಒಟ್ಟು 150 ಜಿಬಿಯೂ ಆಗಲಿಲ್ಲ. ಇಪ್ಪತ್ತು ವರ್ಷ ಹಳೆಯ ಆ ಫುಟೇಜ್ ಸಲೀಸಾಗಿ ಓಡಿತು, ತಂಗಿ ಮೊನ್ನೆ ಫೋನಲ್ಲಿ ತೆಗೆದ ಎರಡು ನಿಮಿಷದ ತುಣುಕು ಅದೇ ಯಂತ್ರದಲ್ಲಿ ನಿಂತು ನಿಂತು ಬಂತು. ಆದರೆ ಅಮ್ಮನ ತಕರಾರು ಬೇರೆಯೇ. ಗೃಹಪ್ರವೇಶದ ದೃಶ್ಯ ನೋಡಿ ಅವರು ಹೇಳಿದ್ದು: ‘ನನ್ನ ಸೀರೆ ನಿಂಬೆಹಣ್ಣಿನ ಬಣ್ಣದ್ದಲ್ಲ ಕಣೋ, ಮಾವಿನಹಣ್ಣಿನ ಬಣ್ಣದ್ದು.’ ಬೀರುವಿನಿಂದ ಸೀರೆಯನ್ನೇ ತಂದು ಪಕ್ಕದಲ್ಲಿ ಹಿಡಿದರು. ಹೌದು, ಮಾವಿನಹಣ್ಣೇ. ಈಗ ಸುಳ್ಳು ಹೇಳುತ್ತಿರೋದು ಯಾರು? ಟೇಪೋ, ಪರದೆಯೋ? ಪರದೆಯ ಮೇಲೆ ನಂಬಿಕೆ ಇಲ್ಲದಿದ್ದರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಸುಳ್ಳು ಹೇಳುವ ಪರದೆ ನೋಡಿಕೊಂಡು ಬಣ್ಣ ತಿದ್ದಿದರೆ, ಸರಿಯಾದ ಪರದೆಗಳಲ್ಲೆಲ್ಲ ಅದು ಕೆಡುತ್ತೆ.

ಈ ತಲೆನೋವು ಟೀವಿಯಷ್ಟೇ ಹಳೆಯದು. 1953ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎನ್‌ಟಿಎಸ್‌ಸಿ ಬಣ್ಣದ ಪದ್ಧತಿಯನ್ನು, ಅದರ ಅಕ್ಷರಗಳನ್ನೇ ಹಿಡಿದು, ‘ಒಂದೇ ಬಣ್ಣ ಎರಡು ಸಲ ಬರದ ಪದ್ಧತಿ’ ಅಂತ ಇಂಜಿನಿಯರುಗಳೇ ಗೇಲಿ ಮಾಡುತ್ತಿದ್ದರು. ಹೈ ಡೆಫಿನಿಷನ್ ಟೀವಿಯ ಬಣ್ಣಗಳಿಗೆ 1990ರಲ್ಲಿ ರೆಕ್ 709 ಎಂಬ ಒಪ್ಪಂದ ಬಂತು. ಕಂಪ್ಯೂಟರ್ ಪರದೆಗಳಿಗೆ ಎಚ್‌ಪಿ ಮತ್ತು ಮೈಕ್ರೊಸಾಫ್ಟ್ 1996ರಲ್ಲಿ ಎಸ್‌ಆರ್‌ಜಿಬಿ ತಂದವು. ಎರಡರ ಮೂಲ ಕೆಂಪು, ಹಸಿರು, ನೀಲಿ ಒಂದೇ. ಹಳೆಯ ಗಾಜಿನ ಟೀವಿಗಳು ಬೆಳಕು ಕೊಡುತ್ತಿದ್ದ ಸಹಜ ರೀತಿಯನ್ನು ಚಪ್ಪಟೆ ಪರದೆಗಳೂ ಅನುಸರಿಸಲಿ ಅಂತ 2011ರಲ್ಲಿ ಇನ್ನೊಂದು ಮಾನದಂಡ ಬರೆಯಬೇಕಾಯಿತು.

ಹಾಗಾಗಿ ಮಾನಿಟರ್ ಡಬ್ಬದ ಮೇಲೆ ಹುಡುಕಬೇಕಾದ್ದು ಇಷ್ಟು: ಐಪಿಎಸ್ ಪ್ಯಾನೆಲ್, ನೂರಕ್ಕೆ ನೂರು ಎಸ್‌ಆರ್‌ಜಿಬಿ ಅಥವಾ ರೆಕ್ 709, ಫ್ಯಾಕ್ಟರಿಯಲ್ಲೇ ಬಣ್ಣ ಅಳೆದ ವರದಿ, ಅದರಲ್ಲಿ ಡೆಲ್ಟಾ ಇ 2ಕ್ಕಿಂತ ಕಮ್ಮಿ. 8 ಬಿಟ್ ಪರದೆ ಸುಮಾರು 1.67 ಕೋಟಿ ಬಣ್ಣ ತೋರಿಸಿದರೆ 10 ಬಿಟ್ ಪರದೆ 107 ಕೋಟಿ. ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಕೆಲಸ ನಿಲ್ಲಲ್ಲ. 27 ಇಂಚಿನ 2560 × 1440 ಪರದೆಯಲ್ಲಿ ಪೂರ್ತಿ ಎಚ್‌ಡಿ ಚಿತ್ರ ಇಟ್ಟೂ ಟೈಮ್‌ಲೈನಿಗೆ ಜಾಗ ಉಳಿಯುತ್ತೆ. 165 ಹರ್ಟ್ಜ್, ಬಾಗಿದ ಪರದೆ, ಇವೆಲ್ಲ ಗೇಮ್ ಆಡುವವರಿಗೆ. ‘ಎಚ್‌ಡಿಆರ್ 400’ ಎಂಬ ಚೀಟಿ ನೋಡಿ ಮರುಳಾಗಬೇಡಿ. ಅದು 400 ನಿಟ್ಸ್ ಬೆಳಕಿನ ಮಾತು, ಎಚ್‌ಡಿಆರ್ ಬಣ್ಣ ತಿದ್ದುವವರು ಸಾಮಾನ್ಯವಾಗಿ ಬಳಸುವುದು 1000 ನಿಟ್ಸ್ ಪರದೆ.

ನನ್ನ ಬಜೆಟ್ಟು ಒಂದೂವರೆ ಲಕ್ಷ. ಎಸ್‌ಪಿ ರೋಡಿನಲ್ಲಿ ಬರೆದುಕೊಟ್ಟ ಕೊಟೇಶನ್ನಿನಲ್ಲಿ ಮಾನಿಟರಿಗೆ ಇದ್ದದ್ದು 12 ಸಾವಿರ. ನಾನು ಅದನ್ನು 40 ಸಾವಿರ ಮಾಡಿದೆ. ಬ್ಯಾಕಪ್ ಡಿಸ್ಕುಗಳಿಗೆ 15 ಸಾವಿರ, ಮಿಕ್ಕ 95 ಸಾವಿರಕ್ಕೆ ಡಬ್ಬ. ಡಬ್ಬ ನಾಲ್ಕೈದು ವರ್ಷಕ್ಕೆ ಹಳೆಯದಾಗುತ್ತೆ, ಒಳ್ಳೆಯ ಪರದೆ ಅದರ ನಂತರದ ಡಬ್ಬಕ್ಕೂ ಬರುತ್ತೆ.

ಮರ್ಚ್ ತಮ್ಮ ಎಡಿಟಿಂಗ್ ಪರದೆಯ ಅಕ್ಕಪಕ್ಕ ಕಾಗದದಲ್ಲಿ ಕತ್ತರಿಸಿದ ಎರಡು ಪುಟ್ಟ ಮನುಷ್ಯಾಕೃತಿಗಳನ್ನು ಅಂಟಿಸಿಕೊಳ್ಳುತ್ತಿದ್ದರು. ಥಿಯೇಟರಿನ ಪರದೆ ಎದುರು ಪ್ರೇಕ್ಷಕ ಎಷ್ಟು ಚಿಕ್ಕವನು ಎಂಬುದು ನೆನಪಿರಲಿ ಅಂತ. ನನ್ನ ಪ್ರೇಕ್ಷಕರು ಟೀವಿ ಮುಂದೆ ಕೂರುವ ಅಮ್ಮ, ಶಿವಮೊಗ್ಗದಲ್ಲಿ ಫೋನ್ ಹಿಡಿದಿರುವ ಚಿಕ್ಕಮ್ಮ. ಎರಡರಲ್ಲೂ ಸೀರೆ ಮಾವಿನಹಣ್ಣೇ ಆಗಿರಬೇಕು.

ನೀವು ಅಂಗಡಿಗೆ ಹೋಗುವಾಗ ಒಂದು ಪೆನ್‌ಡ್ರೈವಿನಲ್ಲಿ ನಿಮ್ಮದೇ ಕ್ಯಾಮೆರಾದ ಎರಡು ನಿಮಿಷದ ವಿಡಿಯೊ ಹಾಕಿಕೊಂಡು ಹೋಗಿ. ಆದರೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲೇ ತೆರೆದು ಹಿಂದಕ್ಕೆ, ಮುಂದಕ್ಕೆ ಎಳೆದಾಡಿ ನೋಡಿ, ಡಬ್ಬದ ಪರೀಕ್ಷೆ ಅಲ್ಲಿಗೆ ಮುಗಿಯುತ್ತೆ. ಆ ವಿಡಿಯೊದಲ್ಲಿರುವ ಒಂದು ಬಟ್ಟೆಯನ್ನೂ ಚೀಲದಲ್ಲಿ ಇಟ್ಟುಕೊಳ್ಳಿ. ಅಂಗಡಿಯವನು ನಕ್ಕರೆ ನಗಲಿ. ಪರದೆಯ ಪಕ್ಕ ಅದನ್ನು ಹಿಡಿದು, ನಾಲ್ಕು ಮಾನಿಟರುಗಳಲ್ಲಿ ಯಾವುದು ಅದರ ಹತ್ತಿರ ಬರುತ್ತೆ ಅಂತ ನೋಡಿ. ಬಿಲ್ ಮಾಡಿಸುವ ಮಾತು ಆಮೇಲೆ.